ಹಾಲು ಹೆಬ್ಬಾಳದ ಕಡೆ ಉಕ್ಕಿದಾಗ

ಹೋದ ತಿಂಗಳು ನಾನು ಒಂದು ಫೋನ್ ಕಾಲ್‌ನಷ್ಟು ಹೊತ್ತು ಶಾಸ್ತ್ರಿಗಳಾಗಿದ್ದೆ.

ನಗಬೇಡಿ. ಮಿಮಿಕ್ರಿ ಮಾಡುವವನ ಪಾಡು ನಿಮಗೇನು ಗೊತ್ತು? ಹಾಡೋರು ಸಿಕ್ಕಿದರೆ ‘ಒಂದು ಹಾಡು ಹೇಳಪ್ಪ’ ಅಂತಾರೆ. ನಾನು ಸಿಕ್ಕಿದರೆ ‘ನಮ್ಮ ಓನರ್ ಥರ ಬೈಯೋ, ಕೇಳೋಣ’ ಅಂತಾರೆ. ಎಲ್ಲರ ದನಿಯಲ್ಲೂ ಮಾತಾಡಿ ಮಾತಾಡಿ ನನ್ನ ಸ್ವಂತ ದನಿ ಹೇಗಿತ್ತು ಅನ್ನೋದೇ ಮರೆತುಹೋಗಿದೆ. (ಅದೇನೂ ನಷ್ಟ ಇಲ್ಲ ಬಿಡು ಅಂದಳು ಅಮ್ಮ.)

ಆದರೆ ಶಾಸ್ತ್ರಿಗಳಾಗಿದ್ದು ಶೋಕಿಗಲ್ಲ. ನಾಗೇಂದ್ರ ಮಾವನ ಕ್ಯಾರವಾನ್ ಉಳಿಸೋದಕ್ಕೆ.

ಮಾವ ಅಂದರೆ ಅಮ್ಮನ ತಮ್ಮ. ಮತ್ತಿಕೆರೆಯಲ್ಲಿ ಮನೆ, ಮೇಲಿನ ರೂಮುಗಳಲ್ಲಿ ಬಾಡಿಗೆಗೆ ಕಾಲೇಜು ಹುಡುಗರು. ತಣ್ಣಗೆ ಇದ್ದ ಮನುಷ್ಯ. ಒಂದು ದಿನ ಯಾವುದೋ ದೇಶದ ಗಂಡ ಹೆಂಡತಿಯ ವಿಡಿಯೊ ನೋಡಿಬಿಟ್ಟರು. ಸುತ್ತ ಹಿಮ. ನಡುವೆ ಒಂದು ಗಾಡಿ. ಗಾಡಿಯೊಳಗೇ ಮಂಚ, ಒಲೆ, ಕರ್ಟನ್. ಗಂಡ ಬಾಗಿಲಲ್ಲಿ ಕಾಫಿ ಮಗ್ ಹಿಡಿದು ಬೆಟ್ಟ ನೋಡ್ತಾನೆ. ಹೆಂಡತಿ ಗಂಡನನ್ನ ನೋಡ್ತಾಳೆ. (ನಮ್ಮ ಅತ್ತೆ ಮಾವನನ್ನ ಹಾಗೆ ನೋಡಿದ್ದು ಮಾವ ಹಾಲಿನ ಪ್ಯಾಕೆಟ್ ಮರೆತು ಬಂದ ದಿನ ಮಾತ್ರ. ನೋಟ ಬೇರೆ ಥರ ಇತ್ತು.)

‘ಚಳಿಗಾಲ ಪೂರ್ತಿ ಹಿಂಗೇ ತಿರುಗ್ಬೇಕು ಕಣೋ ಕಿಟ್ಟಿ’ ಅಂದರು. ನಾನು ಹೂಂ ಅಂದೆ. ದೊಡ್ಡವರ ಹುಚ್ಚಿಗೆ ಹೂಂ ಅನ್ನಬೇಕು, ಇಳಿಯುತ್ತೆ ಅಂತ ನನ್ನ ಲೆಕ್ಕ. ಇಳಿಯಲಿಲ್ಲ. ಮದುವೆ ದಿಬ್ಬಣ ಹೊತ್ತು ಹೊತ್ತು ಸುಸ್ತಾಗಿದ್ದ ಒಂದು ಹಳೇ ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಮನೆ ಮುಂದೆ ಬಂದು ನಿಂತಿತು. ಆಮೇಲೆ ಯಶವಂತಪುರದ ಗ್ಯಾರೇಜಿಗೆ ಹೋಯಿತು. ವಾಪಸ್ ಬಂದಾಗ ಅದರ ಹೊಟ್ಟೆಯಲ್ಲಿ ಮಂಚ, ಒಲೆ, ಸಿಂಕು ಎಲ್ಲಾ ಇತ್ತು. ಮಾವ ಬಾಗಿಲಲ್ಲಿ ಮಗ್ ಹಿಡಿದು ಕೂತರು. ಎದುರಿಗೆ ಬೆಟ್ಟ ಇರಲಿಲ್ಲ, ಕಸದ ಆಟೋ ಇತ್ತು.

ಅತ್ತೆ ಜಗಳ ಆಡಲಿಲ್ಲ. ಜಗಳಕ್ಕಿಂತ ಡೇಂಜರಾದ ಕೆಲಸ ಮಾಡಿದರು, ಷರತ್ತು ಹಾಕಿದರು.

‘ನೋಡ್ರೀ, ಸಂಕ್ರಾಂತಿ ಒಳಗೆ ನಾನು ಒಂದು ರಾತ್ರಿ ಇದರಲ್ಲಿ ಮಲಗಿ ನೋಡ್ತೀನಿ. ಹಿಡಿಸಿದ್ರೆ ಇರಲಿ. ಇಲ್ಲಾಂದ್ರೆ ನಮ್ಮಣ್ಣ ಕೇಳ್ತಿದ್ದಾನೆ, ತಣಿಸಂದ್ರದಲ್ಲಿ ಗೋಬಿ ಮಂಚೂರಿ ಹಾಕ್ತಾನಂತೆ. ಒಲೆ, ಸಿಂಕು ಎಲ್ಲಾ ರೆಡಿ ಇದ್ಯಲ್ಲ.’

ಮಾವನ ಕನಸು ಒಂದು ಕಡೆ. ಅತ್ತೆಯ ಅಣ್ಣನ ಗೋಬಿ ಇನ್ನೊಂದು ಕಡೆ. ನಡುವೆ ಒಂದೇ ಒಂದು ರಾತ್ರಿ.

ಹೊರಡುವ ದಿನ ಬಂತು. ಡಿಸೆಂಬರ್ ಮುಗಿಯುತ್ತಾ ಇತ್ತು. ಗಾಡಿಗೆ ಹೂವು, ಚಕ್ರಕ್ಕೆ ನಿಂಬೆಹಣ್ಣು, ತೆಂಗಿನಕಾಯಿ ಎಲ್ಲಾ ಆಯಿತು. ಅತ್ತೆ ಸ್ಟೀಲ್ ಡಬ್ಬಿ ಹಿಡಿದು ಒಂದು ಕಾಲು ಒಳಗಿಟ್ಟವರು ಹಾಗೇ ನಿಂತರು.

‘ರೀ, ಇದರಲ್ಲಿ ಒಲೆ ಇದೆ.’

‘ಇದೆ ಕಣೇ. ಟೂ ಬರ್ನರ್.’

‘ಮಂಚ ಇದೆ.’

‘ಡಬಲ್ ಕಾಟ್!’

‘ಒಲೆ, ಮಂಚ, ಪಾತ್ರೆ ತೊಳೆಯೋ ಜಾಗ ಇದ್ರೆ ಅದನ್ನ ಮನೆ ಅಂತಾರೆ. ಹೊಸ ಮನೇಲಿ ಹಾಲು ಉಕ್ಕಿಸದೆ ಹೆಂಗ್ರೀ ಮಲಗೋದು? ಧನುರ್ಮಾಸದಲ್ಲಿ ಯಾರಾದ್ರೂ ಗೃಹಪ್ರವೇಶ ಮಾಡ್ತಾರಾ?’

‘ಅಯ್ಯೋ, ಅದು ಗಾಡಿ ಕಣೇ! ನಂಬರ್ ಇದೆ ನೋಡು.’

‘ನಮ್ಮ ಮನೆಗೂ ನಂಬರ್ ಇದೆ.’

ಅತ್ತೆ ಕಾಲು ಹಿಂದಕ್ಕೆ ತೆಗೆದರು. ಸಂಕ್ರಾಂತಿ ಒಳಗೆ ಮಲಗಲೇಬೇಕು. ಸಂಕ್ರಾಂತಿವರೆಗೂ ಕಾಲಿಡುವ ಹಾಗಿಲ್ಲ. ಇಂಥ ಕಾನೂನು ಬರೆಯೋದು ವಿಧಾನಸೌಧದವರಿಗೂ ಕಷ್ಟ. ಇದಕ್ಕೆಲ್ಲ ತೀರ್ಪು ಹೇಳಬೇಕಾದ ಶಾಸ್ತ್ರಿಗಳು ಊರಿಗೆ ಹೋಗಿದ್ದರು. ಫೋನ್ ಎತ್ತುತ್ತಿರಲಿಲ್ಲ.

ಮಾವ ನನ್ನ ಕಡೆ ನೋಡಿದರು. ಮುಳುಗುವವರು ಟ್ಯೂಬ್ ನೋಡೋ ಹಾಗೆ.

‘ಕಿಟ್ಟಿ, ಶಾಸ್ತ್ರಿಗಳ ಥರ ಮಾತಾಡ್ತೀಯಲ್ಲ ನೀನು?’

‘ಮಾವ, ಪಾಪ ಬರುತ್ತೆ.’

‘ಗೋಬಿ ಬರುತ್ತೋ, ಗೋಬಿ!’

ಟೆರೇಸ್ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಬಾಡಿಗೆ ಹುಡುಗನೊಬ್ಬನ ಫೋನ್ ಇಸ್ಕೊಂಡು ನಿಂತೆ. ನಮ್ಮ ಶಾಸ್ತ್ರಿಗಳದು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯೋ ದನಿ. ಮಾತಿನ ಕೊನೆಗೊಂದು ‘ತಿಳೀತೇ’. ಸುಲಭ.

‘ಅಮ್ಮಾ, ಶಾಸ್ತ್ರಿ ಮಾತಾಡ್ತಿರೋದು. ಇದು ನಮ್ಮ ಭಾವಮೈದುನನ ನಂಬರು. ಯಜಮಾನರು ವಿಷಯ ತಿಳಿಸಿದರು. ಚಕ್ರ ಇದ್ದದ್ದೆಲ್ಲ ವಾಹನ. ವಾಹನಕ್ಕೆ ಧನುರ್ಮಾಸದ ಬಾಧೆ ಇಲ್ಲ, ತಿಳೀತೇ?’

‘ಹೌದಾ ಶಾಸ್ತ್ರಿಗಳೇ? ದೊಡ್ಡ ಉಪಕಾರ ಆಯ್ತು’ ಅಂದರು ಅತ್ತೆ. ಇಟ್ಟುಬಿಡಬೇಕಿತ್ತು ಫೋನು. ಇಡಲಿಲ್ಲ. ‘ಹಂಗೇ ಇನ್ನೊಂದು ವಿಷಯ. ನಮ್ಮ ಅತ್ತಿಗೆ ಮಗ ಕಿಟ್ಟಿ ಇದ್ದಾನಲ್ಲ...’

‘ಇದ್ದಾನೆ, ಇದ್ದಾನೆ. ಬಹಳ ಒಳ್ಳೇ ಹುಡುಗ.’

‘ಎಲ್ಲಿ ಒಳ್ಳೇ ಹುಡುಗ! ಹತ್ತು ಗಂಟೆಗೆ ಮುಂಚೆ ಏಳಲ್ಲ. ಹೆಣ್ಣಿನ ಕಡೆಯವರು ಯಾರೂ ಎರಡನೇ ಸಲ ಫೋನ್ ಮಾಡಲ್ಲ. ಏನಾದ್ರೂ ದೋಷ ಇರಬಹುದಾ?’

ಪಕ್ಕದಲ್ಲಿ ಮಾವ ‘ಹೂಂ ಅನ್ನು’ ಅಂತ ಕೈಸನ್ನೆ ಮಾಡ್ತಿದ್ದಾರೆ.

‘ಇ... ಇರಬಹುದಮ್ಮಾ.’

‘ಧನುರ್ಮಾಸದಲ್ಲಿ ಸೂರ್ಯ ಹುಟ್ಟೋಕ್ ಮುಂಚೆ ತಣ್ಣೀರು ಸ್ನಾನ ಮಾಡಿಸಿದ್ರೆ ಹೋಗುತ್ತೇನೋ?’

‘ಬಿಸಿನೀರಾದರೂ ನಡೆಯುತ್ತೆ, ತಿಳೀತೇ?’

‘ಹೋದ ವರ್ಷ ತಣ್ಣೀರೇ ಆಗ್ಬೇಕು ಅಂದಿದ್ರಿ?’

ಪಾತ್ರ ಅಂದಮೇಲೆ ಪಾತ್ರ. ‘ಹೌದು. ತಣ್ಣೀರೇ’ ಅಂದೆ. ತನ್ನ ಬಾಯಿಂದ ತನಗೇ ಶಿಕ್ಷೆ ಕೊಟ್ಟುಕೊಂಡ ಕಲಾವಿದ ಕರ್ನಾಟಕದಲ್ಲಿ ಇನ್ನೊಬ್ಬ ಇದ್ದರೆ ದಯವಿಟ್ಟು ನನ್ನನ್ನು ಸಂಪರ್ಕಿಸಿ. ಸಂಘ ಕಟ್ಟೋಣ.

ಸಂಜೆ ಹೊತ್ತಿಗೆ ಹುಣಸಮಾರನಹಳ್ಳಿ ಹತ್ತಿರ ಮಾವನ ಸ್ನೇಹಿತ ಮುನಿಶಾಮಪ್ಪನ ದ್ರಾಕ್ಷಿ ತೋಟದಲ್ಲಿ ಇಳಿದೆವು. ಮಾವನ ಮೈಮೇಲೆ ಎರಡು ಸ್ವೆಟರ್, ಮಂಕಿ ಕ್ಯಾಪ್, ಕೈಗವಸು. ಹಿಮದ ವಿಡಿಯೊ ನೋಡಿ ಕಲಿತವರಲ್ವಾ? ಮುನಿಶಾಮಪ್ಪ ಬನಿಯನ್, ಲುಂಗಿಯಲ್ಲಿ ಬಂದು ನಮ್ಮನ್ನ ಮೇಲಿಂದ ಕೆಳಗೆ ನೋಡಿದರು.

‘ಏನ್ ಸಾರ್, ಮನ್ಯಾಗೆ ಏನಾರ ಜಗಳ ಆಯ್ತಾ?’

‘ಇಲ್ಲಪ್ಪ. ಕ್ಯಾಂಪಿಂಗ್!’

‘ಅಂಗಂದ್ರೆ?’

‘ಮನೆ ಬಿಟ್ಟು ಹೊರಗೆ ಮಲಗೋದು. ಖುಷಿಗೆ.’

ಮುನಿಶಾಮಪ್ಪ ಅತ್ತೆ ಕಡೆ ತಿರುಗಿ ದನಿ ತಗ್ಗಿಸಿದರು. ‘ಅಮ್ಮಾ, ನೀವಾದ್ರೂ ನಿಜ ಯೋಳಿ. ಇಂಗೆ ಚಳಿನಾಗೆ ಯಾಕೆ? ನಮ್ಮನೆ ಅಲ್ಲೇ ಐತೆ, ರೂಮ್ ಖಾಲಿ ಐತೆ. ನಾನು ಯಾರ್ಗೂ ಯೋಳಕಿಲ್ಲ.’

ಅತ್ತೆ ಒಂದು ನಿಟ್ಟುಸಿರು ಬಿಟ್ಟರು. ಮುನಿಶಾಮಪ್ಪನಿಗೆ ಡೌಟೇ ಉಳಿಯಲಿಲ್ಲ. ಊಟಕ್ಕೆ ಅವರ ಮನೆಯಿಂದ ಮುದ್ದೆ, ಅವರೆಕಾಳು ಸಾರು ಬಂತು. ಜೊತೆಗೆ ಮಾವನಿಗೆ ಸಂಸಾರದ ಬಗ್ಗೆ ನಾಲ್ಕು ಒಳ್ಳೆ ಮಾತೂ ಬಂತು.

‘ನೋಡೋ ಕಿಟ್ಟಿ, ನಕ್ಷತ್ರ!’ ಅಂದರು ಮಾವ, ಮಾತು ತಪ್ಪಿಸೋಕೆ.

‘ಮಾವ, ಅದು ಲ್ಯಾಂಡ್ ಆಗ್ತಿದೆ.’

ಏರ್‌ಪೋರ್ಟ್ ಪಕ್ಕದಲ್ಲಿ ಕ್ಯಾಂಪ್ ಮಾಡೋದಂದರೆ ಹೀಗೇ. ಪ್ರತಿ ಮಾತಿಗೂ ಒಂದು ವಿಮಾನ. ಮಾವ ‘ಎಷ್ಟು ಪ್ರಶಾಂತವಾಗಿದೆ’ ಅಂತ ಶುರು ಮಾಡಿದ ವಾಕ್ಯ ಮುಗಿಸೋಕೆ ಮೂರು ವಿಮಾನ ಇಳಿಯಬೇಕಾಯಿತು.

ಮಲಗುವಾಗ ಅತ್ತೆ ಮಾವನ ಗೊರಕೆಯನ್ನು ನೆನೆಸಿಕೊಂಡು ಅವರನ್ನು ಡ್ರೈವರ್ ಸೀಟಿಗೆ ಕಳಿಸಿದರು. ನಾನು ನೆಲದ ಮೇಲೆ, ಅವರೆಕಾಯಿ ಮೂಟೆಗೆ ಒರಗಿ. (ಕ್ಯಾಂಪಿಂಗ್‌ಗೆ ಅವರೆಕಾಯಿ ಮೂಟೆ ಯಾಕೆ ಅಂತ ಕೇಳೋರು ಬೆಂಗಳೂರಿನ ಚಳಿಗಾಲ ನೋಡಿಲ್ಲ. ಕೈ ಖಾಲಿ ಇದ್ದವರು ಬಿಡಿಸುತ್ತಿರಬೇಕು, ಅಷ್ಟೇ.)

ಇನ್ನೂ ಬೆಳಕು ಹರಿದಿರಲಿಲ್ಲ. ‘ಏಳೋ, ಶಾಸ್ತ್ರಿಗಳು ಹೇಳಿದ್ದಾರೆ’ ಅಂತ ಅತ್ತೆ ಅಲುಗಾಡಿಸಿದರು. ಹೊರಗೆ ಮಂಜು. ತೊಟ್ಟಿ ಪಕ್ಕದಲ್ಲಿ ಒಂದು ಬಕೆಟ್ಟು. ಮೊದಲ ಚೊಂಬು ಬಿದ್ದಾಗ ನನ್ನ ಬಾಯಿಂದ ಬಂದ ದನಿ ಯಾರದ್ದು ಅಂತ ನನಗೇ ಗೊತ್ತಾಗಲಿಲ್ಲ. ಮನುಷ್ಯರದ್ದಂತೂ ಅಲ್ಲ. ಮುನಿಶಾಮಪ್ಪನ ನಾಯಿ ಎದ್ದು ಉತ್ತರ ಕೊಟ್ಟಿತು.

ನಡುಗ್ತಾ ಬಂದೆ. ಅತ್ತೆ ಟವಲ್ ಕೊಟ್ಟು ಅಂದರು, ‘ಹೆಂಗಿತ್ತು ಶಾಸ್ತ್ರಿಗಳೇ?’

ನಡುಕ ನಿಂತುಹೋಯಿತು.

‘ಅತ್ತೆ... ನಿಮಗೆ ಹೆಂಗೆ ಗೊತ್ತಾಯ್ತು?’

‘ಶಾಸ್ತ್ರಿಗಳು ದಕ್ಷಿಣೆ ವಿಷಯ ಎತ್ತದೆ ಯಾವತ್ತಾದ್ರೂ ಫೋನ್ ಇಟ್ಟಿದ್ದಾರೇನೋ?’

(ಕಲಾವಿದರೇ, ಗಮನಿಸಿ. ದನಿ ಹಿಡಿದರೆ ಸಾಲದು.)

‘ಗೊತ್ತಿದ್ದೂ ಯಾಕೆ ಬಂದ್ರಿ ಮತ್ತೆ?’

‘ನಂಗೂ ಆ ಅಡುಗೆಮನೆ ಬಿಟ್ಟು ಎಲ್ಲಿಗಾದ್ರೂ ಹೋಗ್ಬೇಕು ಅನ್ನಿಸಿರಲ್ವಾ? ಶಾಸ್ತ್ರ ತಪ್ಪಿದ್ರೆ ಪಾಪ ಹೇಳಿದವರಿಗೆ ಹೋಗುತ್ತೆ. ಹೇಳೋಕೆ ಒಬ್ಬ ಬೇಕಿತ್ತು. ನೀನಾಗೇ ಬಂದೆ.’

ಅತ್ತೆಯ ಅಡುಗೆಮನೆಯ ವಿಷಯ ನಮ್ಮ ವಂಶಕ್ಕೆಲ್ಲ ಗೊತ್ತು. ಮತ್ತಿಕೆರೆ ಮನೆಯಲ್ಲಿ ಅದು ವಾಸ್ತು ಪ್ರಕಾರ ಇರಬಾರದ ಮೂಲೆಯಲ್ಲಿದೆ. ಮದುವೆಯಾಗಿ ಬಂದ ದಿನದಿಂದ ಮಿಕ್ಸಿ ಕೆಟ್ಟರೂ, ನೆಂಟರು ಮುನಿಸಿಕೊಂಡರೂ ಅತ್ತೆ ಆ ಮೂಲೆ ಕಡೆ ಬೆರಳು ತೋರಿಸ್ತಾರೆ. ಗೋಡೆ ಒಡೆಸಿ ಅಂತಾರೆ. ಮಾವ ನೋಡೋಣ ಅಂತಾರೆ. ನೋಡ್ತಾನೇ ಇದ್ದಾರೆ.

ಅತ್ತೆ ಕಾಫಿಗೆ ಹಾಲಿಟ್ಟರು. ಬರೀ ಕಾಫಿಗೆ. ಅಷ್ಟರಲ್ಲಿ ಒಂದು ವಿಮಾನ ತಲೆ ಮೇಲೇ ಬಂದ ಹಾಗೆ ಬಂತು. ಅತ್ತೆ ಬಾಗಿಲಿಂದ ಕತ್ತು ಹೊರಗೆ ಹಾಕಿ ನೋಡಿದರು. ಹಿಂದೆ ‘ಸ್ಸ್ಸ್’ ಅಂತು.

ಹಾಲು ಉಕ್ಕಿತ್ತು.

ಹೊಸ ಒಲೆ, ಮೊದಲ ಹಾಲು, ಧನುರ್ಮಾಸ. ಗೃಹಪ್ರವೇಶ ತನಗೆ ತಾನೇ ಆಗಿಬಿಟ್ಟಿತ್ತು. ಅತ್ತೆ ಗ್ಯಾಸ್ ಆಫ್ ಮಾಡಿ ಕಲ್ಲಾಗಿ ನಿಂತರು. ಮಾವ ಡ್ರೈವರ್ ಸೀಟಲ್ಲಿ ಎದ್ದು ಕೂತು, ಮಂಕಿ ಕ್ಯಾಪ್‌ನೊಳಗಿಂದ ಆ ಬಿಳಿ ನೊರೆಯನ್ನೇ ನೋಡಿದರು. ಅವರ ಕಣ್ಣಲ್ಲಿ ನನಗೆ ಗೋಬಿ ಕಂಡಿತು.

‘ಯಾವ ದಿಕ್ಕಿಗೆ ಉಕ್ಕಿತು?’ ಅಂದರು ಅತ್ತೆ, ಮೆಲ್ಲಗೆ.

ಪೂರ್ವಕ್ಕೆ ಉಕ್ಕಿದರೆ ಒಳ್ಳೇದು, ಅದು ನಮಗೆಲ್ಲ ಗೊತ್ತು. ಪೂರ್ವ ಎಲ್ಲಿದೆ ಅನ್ನೋದು ಮಾತ್ರ ಗೊತ್ತಿಲ್ಲ. ಮಂಜಿನಲ್ಲಿ ಸೂರ್ಯನ ಸುಳಿವಿಲ್ಲ. ‘ಪೂರ್ವಕ್ಕೇ ಇರಬೇಕು ಕಣೇ’ ಅಂತ ಮಾವ ಧೈರ್ಯ ಮಾಡಿದರು. ಆ ಹೊತ್ತಿಗೆ ಮುನಿಶಾಮಪ್ಪ ಬಿಸಿನೀರಿನ ಬಿಂದಿಗೆ ಹೊತ್ತು ಬಂದು (ಈಗ ಬಂದರು ನೋಡಿ, ಬಿಸಿನೀರು!) ಒಲೆ ಕಡೆ ಇಣುಕಿದರು.

‘ಪೂರ್ವ ಎಲ್ ಬಂತು ಸಾರ್? ಆ ಕಡೆ ಎಬ್ಬಾಳ ಅಲ್ವ್ರಾ? ದಕ್ಷಿಣ!’

ಹೆಬ್ಬಾಳ! ಆ ಫ್ಲೈಓವರ್ ಜಾಮ್ ಕಡೆ ಹೊರಟಿದ್ದು ಯಾವುದು ತಾನೇ ಸಲೀಸಾಗಿ ಮುಂದೆ ಹೋಗಿದೆ? ಹಾಲೂ ಅರ್ಧ ದಾರಿಯಲ್ಲಿ ನಿಂತಿತ್ತು.

ಯಮನ ದಿಕ್ಕು. ಅತ್ತೆ ಮಂಚದ ಮೇಲೆ ಕೂತುಬಿಟ್ಟರು. ‘ಅಣ್ಣನಿಗೆ ಫೋನ್ ಮಾಡ್ರೀ.’

ಮಾವ ಫೋನ್ ಮಾಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದರು.

‘ಏನ್ರೀ ಮಾಡ್ತಿದ್ದೀರಾ?’

‘ನೀನು ಅಲ್ಲಾಡಬೇಡ. ಪಾತ್ರೆ ಹಿಡ್ಕೋ. ಕಿಟ್ಟಿ, ಹಿಂದೆ ನೋಡೋ!’

ನನಗೆ ಆಗ ಅರ್ಥವಾಯಿತು. ಟವಲ್ ಸುತ್ತಿಕೊಂಡೇ ಹೊರಗೆ ಓಡಿದೆ. ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳ ನಡುವೆ ಟಿಟಿ ತಿರುಗಿಸೋದು ತಮಾಷೆಯಲ್ಲ. ನನ್ನೊಳಗಿನ ಬಸ್ ಕಂಡಕ್ಟರ್ ಎದ್ದ. ‘ಬರ್ಲಿ ಬರ್ಲಿ ಬರ್ಲೀ... ಓಲ್ಡಾನ್! ಲೆಫ್ಟ್ ಕಟ್ ಮಾಡಿ!’ ಮುನಿಶಾಮಪ್ಪ ಕಂಬ ಹಿಡಿದು ‘ಅಯ್ಯಯ್ಯೋ, ನಮ್ ಬಳ್ಳಿ!’ ಅಂತಿದ್ದಾರೆ. ಒಳಗೆ ಅತ್ತೆ ಹಾಲಿನ ಪಾತ್ರೆ ಅಪ್ಪಿಕೊಂಡು ಕೂತಿದ್ದಾರೆ. ಹಿಂದೆ, ಮುಂದೆ, ಮತ್ತೆ ಹಿಂದೆ. ಕೊನೆಗೆ ಚೆಲ್ಲಿದ ಹಾಲಿನ ಮೂತಿ ಸರಿಯಾಗಿ ಪೂರ್ವಕ್ಕೆ ಬಂದು ನಿಂತಿತು.

ಮಾವ ಇಂಜಿನ್ ಆಫ್ ಮಾಡಿ ಹಿಂದಕ್ಕೆ ತಿರುಗಿದರು. ಬೆವೆತಿದ್ದರು. ಆ ಚಳಿಯಲ್ಲಿ ಬೆವೆತ ಒಬ್ಬನೇ ಮನುಷ್ಯ.

‘ಈಗ ಹೇಳು.’

ಅತ್ತೆ ಒಲೆ ನೋಡಿದರು. ಕಿಟಕಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯಲ್ಲಿ ಹಾಲಿನ ಸುದ್ದಿಯೇ ಇರಲಿಲ್ಲ.

‘ರೀ, ಅಡುಗೆ ಆಗ್ನೇಯದಲ್ಲಿ ಬರ್ಬೇಕು ಅಂದ್ರೆ ಇನ್ನೊಂಚೂರು ತಿರುಗಿಸಿದ್ರೆ ಆಗುತ್ತಾ?’

‘ಎಷ್ಟು ಬೇಕಾದ್ರೂ ತಿರುಗಿಸ್ತೀನಿ!’

‘ತಿರುಗಿಸಿ.’

ಮದುವೆಯಾದ ಲಾಗಾಯ್ತು ಒಂದು ಗೋಡೆ ಒಡೆಸಿಕೊಡದ ಗಂಡ, ಅವತ್ತು ಇಡೀ ಮನೆಯನ್ನೇ ಸ್ಟೀರಿಂಗ್ ಹಿಡಿದು ಆಗ್ನೇಯಕ್ಕೆ ತಂದು ನಿಲ್ಲಿಸಿದರು. ಅತ್ತೆ ಕಾಫಿ ಬೆರೆಸಿ ಮೊದಲ ಲೋಟ ಮಾವನ ಕೈಗೆ ಕೊಟ್ಟರು. ಆಗ ಅವರನ್ನ ಒಂದು ಥರ ನೋಡಿದರು ಕಣ್ರೀ. ನಾನು ಅವರೆಕಾಯಿ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

‘ಗಾಡಿ ಇರಲಿ’ ಅಂದರು ಅತ್ತೆ.

ಮಾವ ಕುಣಿಯೋದೊಂದು ಬಾಕಿ. ಚಳಿಗಾಲ ಪೂರ್ತಿ ಎಲ್ಲೆಲ್ಲಿ ಹೋಗೋದು ಅಂತ ಆಗಲೇ ಬಾಯಿಬಿಟ್ಟು ಹೇಳತೊಡಗಿದರು. ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಫೋನ್ ಹಿಡಿದು ತಮ್ಮ ಸಹಸ್ರನಾಮದ ಗುಂಪಿನವರಿಗೆ ಹೇಳುತ್ತಿದ್ದರು: ‘ಹೂಂ ಕಣ್ರೀ, ಅಡುಗೆಮನೆ ಯಾವ ಮೂಲೆಗೆ ಬೇಕಾದ್ರೂ ಬರುತ್ತೆ. ನೀವೂ ಬನ್ನಿ.’

ಬಂದರು. ಬರುತ್ತಲೇ ಇದ್ದಾರೆ. ಪ್ರತಿ ಶನಿವಾರ ಆರ್.ಟಿ. ನಗರದಿಂದ ಇಬ್ಬರು, ಯಲಹಂಕದಿಂದ ಒಬ್ಬರು, ಜೊತೆಗೆ ಅತ್ತೆ. ನಂದಿ ಬೆಟ್ಟದ ತಪ್ಪಲು ಆಯಿತು, ಘಾಟಿ ಸುಬ್ರಹ್ಮಣ್ಯ ಆಯಿತು, ಹೋದ ವಾರ ಮೇಲುಕೋಟೆ. ಒಳಗೆ ನಾಲ್ಕು ಜನ ಹೆಂಗಸರು, ಬಿಸಿ ಬಿಸಿ ಹುಗ್ಗಿ, ಕೇಕೆ. ಮಾವ ಡ್ರೈವರ್. ಹೆಂಗಸರು ಮಲಗೋ ಜಾಗ ಅಲ್ವಾ? ಅದಕ್ಕೆ ಮಾವ ಹೊರಗೆ ಒಂದು ಪುಟ್ಟ ಟೆಂಟ್ ಹಾಕ್ಕೊಂಡು, ಮಂಕಿ ಕ್ಯಾಪ್ ಎಳ್ಕೊಂಡು ಮಲಗ್ತಾರೆ. ಮೊನ್ನೆ ಅಲ್ಲಿಂದಲೇ ಫೋನ್ ಮಾಡಿದ್ದರು. ‘ಕಿಟ್ಟಿ, ಶಾಸ್ತ್ರಿಗಳ ದನಿಯಲ್ಲಿ ಇನ್ನೊಂದೇ ಒಂದು ಸಲ...’ ಅಂದರು. ನಾನು ಆಗಲೇ ಅತ್ತೆಯ ದನಿಯಲ್ಲಿ ‘ಸುಮ್ನೆ ಮಲಕ್ಕೊಳ್ರೀ’ ಅಂದೆ. ಪಾಪ, ಮಲಗಿಬಿಟ್ಟರು.

ಮದುವೆಯಾದವರನ್ನ ಒಂದು ಮಾತು ಕೇಳ್ತೀನಿ: ಹೆಂಡತಿಗೆ ಇಷ್ಟವಾಗೋ ಮನೆ ಕಟ್ಟಿಸಿದ ಮೇಲೆ, ಅದರೊಳಗೆ ನಿಮಗೂ ಜಾಗ ಇರುತ್ತಾ?