ಅಮರೇಶಪ್ಪನ ಅಯಸ್ಕಾಂತ

ಬಾಲಾನಗರದ ಶೆಡ್ಡುಗಳ ಸಾಲಿನಲ್ಲಿ ಟಿಂಕರಿಂಗ್ ಅಮರೇಶಪ್ಪನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಆಗುವಂತೆ ಅವನು ಯಾವತ್ತೂ ನಡೆದುಕೊಂಡವನೂ ಅಲ್ಲ. ಸಿಂಧನೂರು ಬಿಟ್ಟು ಬಂದು ಮೂವತ್ತು ವರ್ಷ. ಹಳೆ ಕಾರುಗಳ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯುವುದೇ ಕಸುಬು. ಒಡೆದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದು ಸದಾ ಜೇಬಿನಲ್ಲಿ. ಯಾರ ಗಾಡಿ ಬಂದರೂ ಮೊದಲು ಅದನ್ನು ಹಚ್ಚಿ ನೋಡುವನು. ತಗಡಿದ್ದಲ್ಲಿ ಅಂಟುತ್ತದೆ; ತೂತಿಗೆ ತಗಡಿನ ಬದಲು ಪುಟ್ಟಿ ಲೇಪ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತದೆ. ಬಿದ್ದರೆ ಮುಗಿಯಿತು, ಆ ಕೆಲಸ ಮಾಡಿದವನ ಮಾನವನ್ನು ಇಡೀ ಸಾಲಿಗೆ ಕೇಳುವಂತೆ ಹರಾಜು ಹಾಕುವನು.

"ಈ ಕೈ ಒಮ್ಮೆನೂ ಪುಟ್ಟಿ ಮೆತ್ತಿ ತೂತು ಮುಚ್ಚಿಲ್ಲ" ಎಂಬುದು ಅವನ ಪಲ್ಲವಿ.

ಸುಳ್ಳು. ಒಮ್ಮೆ ಮುಚ್ಚಿದ್ದ, ನರಹರಿಯವರ ಕಾರಿನಲ್ಲಿ.

ನರಹರಿ ನಿವೃತ್ತ ಇಂಜಿನಿಯರು. ನಾಲ್ಕು ವರ್ಷದ ಹಿಂದೆ ಎರಡು ದಿನ ಸ್ಟೂಲು ಹಾಕಿಕೊಂಡು, ಕೈಯಲ್ಲಿ ಸ್ಕೇಲು ಹಿಡಿದು, ಅವನ ತಲೆಯ ಮೇಲೆಯೇ ಕೂತಿದ್ದರು. ಅಲ್ಲಿ ಸೊಟ್ಟ, ಇಲ್ಲಿ ಉಬ್ಬು ಎಂದು ಒಂದೇ ಗೊಣಗಾಟ. ರೋಸಿಹೋದ ಅಮರೇಶಪ್ಪ, ನರಹರಿ ಊಟಕ್ಕೆ ಎದ್ದಾಗ ಬಲಬಾಗಿಲಿನ ಕೆಳಗಿದ್ದ ನಾಲ್ಕು ಬೆರಳಗಲದ ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕಳಿಸಿದ. ಹಾಳಾಗಿ ಹೋಗಲಿ ಎಂದುಕೊಂಡಾಗ ಹೊಟ್ಟೆ ತಣ್ಣಗಾಗಿತ್ತು.

ಈ ಆಷಾಢದಲ್ಲಿ ಅದೇ ಕಾರು ಬಂದು ನಿಂತಿತು. ಎದುರು ಶೆಡ್ಡಿನ ಮಲ್ಲಪ್ಪನನ್ನು ನರಹರಿ ಜೊತೆಗೇ ಕರೆತಂದಿದ್ದರು. ಹೋದ ವರ್ಷ ಎಡಬಾಗಿಲು ಮಾಡಿದವನು ಅವನೇ; ಈಗ ಅದು ಕೆಳಗಿನಿಂದ ಮತ್ತೆ ಕೊಳೆತಿತ್ತು.

"ಪುಟ್ಟಿ ತುಂಬ್ಯಾನ ಇವ. ನಿಮ್ಮ ಅಯಸ್ಕಾಂತ ಹಚ್ರಿ, ಅಮರೇಶಪ್ಪ" ಎಂದರು ನರಹರಿ.

"ತಗಡ ಹಾಕೀನ್ರಿ ಸರ್" ಎಂದ ಮಲ್ಲಪ್ಪ.

ಅಮರೇಶಪ್ಪನಿಗೆ ಹಬ್ಬ. ತನ್ನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡವನು ಕೈಗೆ ಸಿಕ್ಕಿದ್ದ. ಅಯಸ್ಕಾಂತ ಹಚ್ಚಿದ. ಅಂಟಿತು. ಉದ್ದಕ್ಕೂ ಎಳೆದ, ಎಲ್ಲೂ ಬಿಡಲಿಲ್ಲ. ಬಗ್ಗಿ ಬಾಗಿಲಿನ ಅಡಿ ನೋಡಿದ. ಮಳೆನೀರು ಹರಿದುಹೋಗುವ ಸಣ್ಣ ತೂತುಗಳನ್ನು ಯಾರೋ ಎಂ-ಸೀಲ್ ಅಂಟು ಹಚ್ಚಿ ಮುಚ್ಚಿದ್ದರು, ಅದೂ ಸ್ಕೇಲಿಟ್ಟಷ್ಟು ಅಚ್ಚುಕಟ್ಟಾಗಿ. ಇದು ಯಾರ ಜಾಣತನವೆಂದು ಕೇಳಬೇಕಿರಲಿಲ್ಲ. ನೀರು ಒಳಗೇ ನಿಂತು ಬಾಗಿಲು ಕೊಳೆತಿತ್ತು. ಮಲ್ಲಪ್ಪನ ತಪ್ಪೇನೂ ಇರಲಿಲ್ಲ. ಆದರೂ ಅಮರೇಶಪ್ಪ ತುಟಿ ಬಿಚ್ಚಲಿಲ್ಲ.

"ತಗಡಿದ್ರೇನು, ಕೆಲಸ ಕಳಪೆ" ಎಂದು ನರಹರಿ ಮಲ್ಲಪ್ಪನನ್ನು ಬಲಗಡೆಗೆ ಕರೆದರು. "ಇದು ಇವರು ಮಾಡಿದ್ದು, ನೋಡು. ಹಚ್ರಿ ಇಲ್ಲೂ, ಅಮರೇಶಪ್ಪ."

ಅಮರೇಶಪ್ಪ ಬಗ್ಗಿದ. ಇಷ್ಟು ವರ್ಷ ಮೆರೆದ ಮಾತು ನಾಲ್ಕು ಬೆರಳಿನ ಜಾಗದಲ್ಲಿ ಕೂತಿತ್ತು. ಅದರಿಂದ ಒಂದು ಗೇಣು ಮೇಲೆ ಹಚ್ಚಿದ. ಅಂಟಿತು.

"ನೋಡಿದಿ? ಇವರ ಬಾಯಿ ಭಾಳ ಕೆಟ್ಟದ್ದು, ನನಗೂ ಇವರಿಗೂ ಎಣ್ಣೆ ಸೀಗೇಕಾಯಿ. ಆದ್ರ ಕೈ ಸುಳ್ಳು ಹೇಳಂಗಿಲ್ಲ. ನಾಲ್ಕು ಮಂದಿ ಮುಂದ ಇದನ್ನ ಹೇಳೀನಿ ನಾನು. ಕಲಿ ಇವರಿಂದ!"

ಮಲ್ಲಪ್ಪ ತಲೆ ತಗ್ಗಿಸಿದ. ನರಹರಿ ಬೈದಿದ್ದರೆ ಅಮರೇಶಪ್ಪ ಎರಡರಷ್ಟು ತಿರುಗಿಸಿ ಬೈಯುತ್ತಿದ್ದ. ಈ ಹೊಗಳಿಕೆ ಮಾತ್ರ ಮೈಯೆಲ್ಲ ಉರಿಸಿತು.

"ಬಾಯಿ ಮುಚ್ರಿ ಸಾಕು!" ಎಂದು ಅರಚಿದ. "ಆ ಬಾಗಲಾ ಕೊಳೆಸಿದವ್ರು ನೀವು. ನೀರಿನ ತೂತಿಗೆ ಎಂ-ಸೀಲ್ ಹಚ್ಚೀರಿ. ಇವನ ಕೆಲಸ ನೆಟ್ಟಗ ಐತಿ." ಅಯಸ್ಕಾಂತವನ್ನು ಕಿತ್ತು ಒಂದು ಗೇಣು ಕೆಳಗೆ ಹಿಡಿದ. "ಇಲ್ಲಿ ಪುಟ್ಟಿ ಮೆತ್ತಿದವ ನಾನು. ನೋಡ್ರಿ."

ಕೈ ಬಿಟ್ಟ. ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು.

ನರಹರಿ ಬಾಗಿಲನ್ನೂ ಅವನ ಮುಖವನ್ನೂ ನೋಡಿದರು. ಕಾರು ಹತ್ತಿ, ತಿರುಗಿಸಿ, ಎದುರು ಶೆಡ್ಡಿಗೆ ಒಯ್ದರು. ಮಲ್ಲಪ್ಪ ಅಯಸ್ಕಾಂತವನ್ನು ಎತ್ತಿ, ಪ್ಯಾಂಟಿಗೆ ಒರೆಸಿ, ತನ್ನ ಜೇಬಿಗೆ ಹಾಕಿಕೊಂಡು ಅವರ ಹಿಂದೆ ನಡೆದ.

ಅಮರೇಶಪ್ಪ ಅದನ್ನು ವಾಪಸು ಕೇಳಲಿಲ್ಲ.