ಹಸಿವಿಗೆ ಬಿದ್ದಿದ್ದಿ ಎಂದಿದ್ದೆ

ಗೌರಿ, ಬೀರೂ,

ನಿಮ್ಮಪ್ಪ ವಿಮಾನ ಹಾರಿಸುವುದನ್ನು ಬಿಟ್ಟದ್ದು ಬೇಸರಕ್ಕಲ್ಲ. ಕುಡಿತಕ್ಕಂತೂ ಅಲ್ಲ — ಕಬನೂರಿನ ಓಣಿಯಲ್ಲಿ ಜನ ಹಾಗೆ ಆಡಿಕೊಂಡದ್ದು ನಿಮ್ಮ ಕಿವಿಗೂ ಬಿದ್ದಿದೆ, ನನಗೆ ಗೊತ್ತು. ಕಾರಣ ನಾನು, ನಿಮ್ಮಜ್ಜಿ. ನಾನು ಅವನಿಗೆ ಒಂದು ಸುಳ್ಳು ಹೇಳಿದ್ದೆ. ಆ ಸುಳ್ಳನ್ನು ನಂಬಿ ಅವನು ವರ್ಷಗಟ್ಟಲೆ ಮಂದಿಯನ್ನು ಕೂರಿಸಿಕೊಂಡು ಹಾರಿದ.

ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರ ನಡುವೆ ನೀರು ಕೇಳಲಿಕ್ಕೂ ನಾಚುವವಳು ನಾನು. ಊರ ಕನ್ನಡ ಶಾಲೆಯಲ್ಲಿ ಕಲಿತಷ್ಟು ಅಕ್ಷರ ಇದೆ, ಅದರಲ್ಲೇ ಬರೆಯುತ್ತೇನೆ.

ಸಿದ್ದುಗೆ, ಅಂದರೆ ನಿಮ್ಮಪ್ಪನಿಗೆ, ಆಗ ಏಳು ವರ್ಷ. ನಾವು ಉತ್ತೂರಿನಲ್ಲಿ ಕುರಿ ಸಾಕಿಕೊಂಡಿದ್ದೆವು. ಒಂದು ಬೆಳಿಗ್ಗೆ ದೊಡ್ಡಿಯಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದವನು ನಿಂತಲ್ಲೇ ಬಿದ್ದ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ. ಮೈಯಲ್ಲಿ ಜ್ವರ ಇರಲಿಲ್ಲ. ಕೆಲವೇ ದಿನಕ್ಕೆ ಮತ್ತೊಮ್ಮೆ ಬಿದ್ದ. ಗಡಹಿಂಗ್ಲಜದ ಡಾಕ್ಟರರು ಇದು ಮೂರ್ಛೆ ರೋಗ ಎಂದು ಗುಳಿಗೆ ಕೊಟ್ಟರು. ಗುಳಿಗೆಯನ್ನೂ ನುಂಗಿಸಿದೆವು, ಬೀರಪ್ಪನ ಗುಡಿಗೂ ಹೋದೆವು. ಪೂಜಾರಿ ಅವನ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಹೇಳಿದ: "ಇನ್ನ ಮ್ಯಾಲ ಆ ಬ್ಯಾನಿ ಹೆಸರ ಮನ್ಯಾಗ ಯಾರೂ ತಗೀಬ್ಯಾಡ್ರಿ. ಹೆಸರ ಹಿಡದ ಕರದ್ರ ತಿರುಗಿ ಬರ್ತೈತಿ."

ನಾವು ತೆಗೆಯಲಿಲ್ಲ. ಹುಡುಗ ಕೇಳಿದಾಗ, ಹಸಿವಿಗೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಿ ಎಂದೆವು. ಆಮೇಲೆ ಅದು ಬರಲಿಲ್ಲ. ಮೆಲ್ಲಗೆ ಗುಳಿಗೆಯೂ ನಿಂತಿತು.

ಮುಂದೆ ಕುರಿ ಮಾರಿ ಕಬನೂರಿಗೆ ಬಂದು ಮಗ್ಗ ಹಾಕಿದೆವು. ಸಿದ್ದು ಪೈಲಟ್ ಆಗುತ್ತೇನೆಂದು ಹಟ ಹಿಡಿದಾಗ ನಿಮ್ಮಜ್ಜ ಆ ಮಗ್ಗಗಳನ್ನೂ ಮಾರಿದರು. ದೇಹ ತಪಾಸಣೆಗೆ ಹೋದ ದಿನ ಅವನ ಫೋನ್ ಬಂತು. ನೆರೆಮನೆಯ ಮಗ್ಗಗಳ ಗದ್ದಲಕ್ಕೆ ನಾನು ಇನ್ನೊಂದು ಕಿವಿಗೆ ಸೆರಗು ಒತ್ತಿ ಹಿಡಿದಿದ್ದೆ.

"ಅವ್ವಾ, ಸಣ್ಣಾಂವ ಇದ್ದಾಗ ಫಿಟ್ಸ್ ಬಂದಿದ್ವೇನು ಅಂತ ಡಾಕ್ಟರ್ ಕೇಳಾಕತ್ತಾರ. ನಾ ಆವತ್ತ ದೊಡ್ಡ್ಯಾಗ ಬಿದ್ದಿದ್ನಲ್ಲ — ಅದೇನಿತ್ತು?"

"ಹಸಿವಿಗೆ ಬಿದ್ದಿದ್ದಿ. ಅದನ್ಯಾಕ ಹೇಳ್ತಿ ಅವರ ಮುಂದ?"

"ಖರೇ?"

"ಖರೇನಪಾ."

ಪೂಜಾರಿಯ ಮಾತಿಗೆ ಹೆದರಿ ಹಾಗೆಂದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಮಗ ಪೈಲಟ್ಟರ ಆ ಬಿಳಿ ಅಂಗಿ ತೊಟ್ಟು ಓಣಿಯಲ್ಲಿ ನಡೆದು ಬರುವುದನ್ನು ನಾನು ನೋಡಬೇಕಿತ್ತು, ಅಷ್ಟೇ. ನನ್ನ ಅಪ್ಪ ಕುರಿ ಮಾರುವಾಗ ದೇವರ ಆಣೆಗೆಂದು ಕೈಯಲ್ಲಿ ಭಂಡಾರ ಹಿಡಿದು, ಇದು ಕುಂಟುತ್ತದೆ, ಇದು ಸುತ್ತು ತಿರುಗಿ ಬೀಳುತ್ತದೆ ಎಂದು ದೋಷ ಹೇಳಿದ ಮೇಲೆಯೇ ಹಗ್ಗ ಕೊಡುತ್ತಿದ್ದ. ಅವನ ಮಗಳು ನಾನು...

ನಿಮ್ಮಜ್ಜ ತೀರಿಕೊಂಡ ಮೇಲೆ ಸಿದ್ದು ಒಮ್ಮೆ ಹೈದರಾಬಾದಿನಿಂದ ಕೊಲ್ಲಾಪುರಕ್ಕೆ ತಾನೇ ಹಾರಿಸುವ ವಿಮಾನದಲ್ಲಿ ನನ್ನನ್ನು ಕೂರಿಸಿದ. ಪಕ್ಕದಲ್ಲಿ ಗಡಹಿಂಗ್ಲಜದ ಒಬ್ಬ ಮೆಣಸಿನಕಾಯಿ ವ್ಯಾಪಾರಿ, ಹಣೆ ತುಂಬ ವಿಭೂತಿ. ಮಾತಿನ ಮನುಷ್ಯ.

"ಎಸ್‌ಟಿ ಬಸ್ಸಿನ್ಯಾಗ ನನಗ ನಿದ್ದಿ ಹತ್ತಂಗಿಲ್ರಿ ಅಕ್ಕಾರ. ಡ್ರೈವರ್ ತೂಕಡಸ್ತಾನೇನು ಅಂತ ನೋಡಕೋತ ಕುಂದ್ರತೇನಿ. ಇಲ್ಲಿ ಅಂವನ ಮಾರಿನ ಕಾಣಂಗಿಲ್ಲ ನೋಡ್ರಿ, ಭಾಳ ಆರಾಮ!"

ನಗಬೇಕಾಗಿತ್ತು. ಬಾಯಿ ತಪ್ಪಿ, "ಹಾರಸಾಂವ ನನ್ನ ಮಗಾ ರೀ" ಎಂದುಬಿಟ್ಟೆ.

"ಹೌದೇನ್ರಿ! ಹಂಗಾರ ಚಿಂತೀನ ಇಲ್ಲ. ಹಡದಾಕಿನ ಬಂದ ಕುಂತಾಳ ಅಂದ ಮ್ಯಾಲ ಗಾಡಿ ಗಟ್ಟಿ ಐತಿ." ಹಾಗೆಂದು ಕಣ್ಣು ಮುಚ್ಚಿದವರು ಗೊರಕೆ ಹೊಡೆದರು.

ನಾನು ಸುತ್ತ ನೋಡಿದೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಎಲ್ಲರೂ ನಿಶ್ಚಿಂತೆ — ಯಾರೋ ಪರೀಕ್ಷೆ ಮಾಡಿ, ಕೇಳಿ, ಗಟ್ಟಿ ಮಾಡಿಕೊಂಡೇ ಮುಂದಿನ ಆ ಮುಚ್ಚಿದ ಬಾಗಿಲಿನ ಹಿಂದೆ ಸಿದ್ದುವನ್ನು ಕೂರಿಸಿದ್ದಾರೆಂಬ ನಂಬಿಕೆ. ಕೇಳಿದ್ದು ನಿಜ. ಉತ್ತರ ಕೊಟ್ಟವಳು ನಾನು.

ಕೊಲ್ಲಾಪುರದ ಮೇಲೆ ಮಳೆ ಹಿಡಿದಿತ್ತು. ವಿಮಾನ ಇಳಿಯಿತು, ಇನ್ನೂ ಇಳಿಯಿತು. ಕಬ್ಬಿನ ಹೊಲ ಕಾಲಡಿಗೇ ಬಂದಂತೆ ಕಂಡಿತು — ಒಮ್ಮೆಲೇ ಅಬ್ಬರಿಸಿ ಮೂತಿ ಎತ್ತಿ ಮೇಲಕ್ಕೇರಿತು. ಕೂಸು ಕಿರುಚಿತು. ಯಾರೋ "ದೇವಾ, ದೇವಾ" ಎಂದರು. ನನ್ನ ಕಣ್ಣ ಮುಂದೆ ದೊಡ್ಡಿ ಬಂತು, ಸೆಟೆದ ಆ ಸಣ್ಣ ಕೈಗಳು ಬಂದವು. ತನ್ನ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುತ್ತಾನೆಂದು ಸಿದ್ದು ಹೇಳಿದ್ದ. ಆ ಗಳಿಗೆಯಲ್ಲಿ ಅದೂ ನೆನಪಾಗಲಿಲ್ಲ.

ವ್ಯಾಪಾರಿ ಎಚ್ಚೆತ್ತು ನನ್ನ ಮುಂಗೈ ಹಿಡಿದರು. "ಅಕ್ಕಾರ, ನಿಮ್ಮ ಮಗಾ ಅದಾನ. ಏನೂ ಆಗಂಗಿಲ್ಲ, ಹೌದಲ್ರಿ?"

"ಹೌದ್ರಿ" ಎಂದೆ.

ಮೊದಲ ಸುಳ್ಳಿಗಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಮೊದಲನೆಯದನ್ನು ಹೇಳುವಾಗ ಈ ಮುಖಗಳು ನನಗೆ ಕಂಡಿರಲಿಲ್ಲ.

ಒಂದು ಸುತ್ತು ಹಾಕಿ ವಿಮಾನ ಸುಖವಾಗಿ ಇಳಿಯಿತು. "ಮಳ್ಯಾಗ ರನ್‌ವೇ ಕಾಣಲಿಲ್ಲವ್ವಾ, ಅದಕ್ಕ ಮ್ಯಾಲ ಹೋದ್ವಿ. ಅಂಜಿದೇನು?" ಎಂದು ಸಿದ್ದು ನಕ್ಕ. ಅವನದೇನೂ ತಪ್ಪಿರಲಿಲ್ಲ. ಮನೆಗೆಂದು ಕಾರಿನಲ್ಲಿ ಇಚಲಕರಂಜಿಯ ದಾರಿ ಹಿಡಿದಾಗ ಹೇಳಿದೆ: "ಸಿದ್ದೂ, ನೀ ಆವತ್ತ ಹಸಿವಿಗೆ ಬಿದ್ದಿದ್ದಿಲ್ಲೋ." ಎಲ್ಲ ಹೇಳಿದೆ.

ಅವನು ರಸ್ತೆ ಬದಿಗೆ ಕಾರು ನಿಲ್ಲಿಸಿದ. ಸ್ಟಿಯರಿಂಗ್ ಮೇಲಿದ್ದ ತನ್ನ ಕೈಗಳನ್ನು ಬೇರೆ ಯಾರವೋ ಎಂಬಂತೆ ನೋಡುತ್ತ ಕೂತ.

"ನಾ ಎಷ್ಟ ಮಂದೀನ ಹೊತ್ತೇನಿ, ಗೊತ್ತೈತೇನವ್ವಾ ನಿನಗ? ನಾ ಹ್ಯಾಂಗದೇನಿ ಅಂತ ಅವರು ಒಬ್ಬರೂ ನನ್ನ ಕೇಳಿಲ್ಲ."

ಮರುದಿನ ತಾನೇ ಆಫೀಸಿಗೆ ಫೋನ್ ಮಾಡಲು ಕೂತ. "ಇಷ್ಟ ವರ್ಷ ಏನೂ ಆಗಿಲ್ಲಲ್ಲೋ, ಬ್ಯಾಡೋ" ಎಂದು ನಾನು ಅವನ ಕೈ ಹಿಡಿದೆ. ಹೌದು, ಆಗಲೂ ಹಿಡಿದೆ. ಅವನು ಮೆತ್ತಗೆ ಬಿಡಿಸಿಕೊಂಡ. ದೊಡ್ಡ ಡಾಕ್ಟರರು ಮತ್ತೆ ಮತ್ತೆ ಪರೀಕ್ಷೆ ಮಾಡಿದರು, ತಲೆಯಲ್ಲಿ ಏನೂ ಸಿಗಲಿಲ್ಲ. ಆದರೂ ಹಾರಲು ಬಿಡಲಿಲ್ಲ. ಅವನು ಅವರನ್ನು ಬೈಯಲಿಲ್ಲ. ಓಣಿಯವರು ಏನೆಂದರೂ ನನ್ನ ಹೆಸರನ್ನು ಯಾರ ಮುಂದೆಯೂ ತೆಗೆಯಲಿಲ್ಲ — ನಿಮ್ಮ ಅವ್ವನ ಮುಂದೆಯೂ.

ಗೌರಿ, ನೀನೂ ಪೈಲಟ್ ಆಗುತ್ತೇನೆ ಎನ್ನುತ್ತೀ. ನಿನ್ನ ತಪಾಸಣೆಯ ದಿನ ಹತ್ತಿರ ಬಂದಿದೆ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ಇತ್ತೇ ಎಂದು ಕೇಳುತ್ತಾರೆ. ಇತ್ತು ಎಂದು ಹೇಳು. ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಬೇಡ ಎಂದರೆ ಅಳು, ನನ್ನನ್ನು ಬೈಯಿ. ಆದರೆ ಹೇಳು.

ಕ್ಷಮಿಸಿರಿ ಎಂದು ಕೇಳುವುದಿಲ್ಲ. ನಾನು ಕ್ಷಮೆ ಕೇಳಬೇಕಾದವರು ಬಹಳ ಮಂದಿ, ಅವರ ಹೆಸರೂ ನನಗೆ ತಿಳಿಯದು.

ಈ ಹಾಳೆಗಳು ನಿಮ್ಮಪ್ಪನ ಕೈಗೆ ಸಿಕ್ಕರೆ ಹರಿದು ಒಲೆಗೆ ಹಾಕುತ್ತಾನೆ, ನನ್ನ ಮಾನ ಉಳಿಸಲಿಕ್ಕೆ. ಅವನಿಗೆ ಕೊಡಬೇಡಿರಿ. ನೀವಿಬ್ಬರೇ ಜೋಪಾನವಾಗಿ ಇಟ್ಟುಕೊಳ್ಳಿರಿ.