ಗಿರಣಿ ಮನೆಯ ಕಂಪ್ಯೂಟರ್

ಶನಿವಾರಸಂತೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ನಾನು. ಗಿರಣಿಯ ಹಿಂದಿನ ಗೋಡೆಯೇ ನಮ್ಮ ಮನೆಯ ಮುಂದಿನ ಗೋಡೆ. ಮನೆಯಲ್ಲಿ ಯಾವ ವಸ್ತುವಿನ ಮೇಲೆ ಬೆರಳಾಡಿಸಿದರೂ ತೆಳ್ಳಗೆ ಹಿಟ್ಟು ಹತ್ತುತ್ತದೆ, ಮಸಾಲೆ ಬೀಸಿದ ದಿನ ಖಾರದ ಪುಡಿ. ಇಂಥ ಮನೆಗೆ ಗೇಮ್ ಆಡುವ ಕಂಪ್ಯೂಟರ್ ಬೇಕು, ಅದನ್ನೂ ಅಂಗಡಿಯಿಂದ ತರುವುದಲ್ಲ, ನಾವೇ ಕೂತು ಜೋಡಿಸುವುದು ಎಂದು ಮಗಳು ಹೇಳಿದಾಗ ನನಗೆ ಸಿಟ್ಟು ಬರದೆ ಇರುತ್ತದೆಯೇ?

"ಫೋನೇ ಹಿಟ್ಟು ತಿಂದು ಸಾಯ್ತಾ ಅದೆ. ಇನ್ನು ಕಂಪ್ಯೂಟರ್ ಬೇರೆ ತಂದು ಅದಕ್ಕೂ ತಿನ್ಸು" ಅಂದೆ.

"ಗಾಳಿ ಎಳ್ಕೊಳೋ ಕಡೆ ಜರಡಿ ಬಟ್ಟೆ ಕಟ್ಟೋಣ ಅಮ್ಮ. ನಮ್ಮ ಹತ್ರ ಇದೆಯಲ್ಲ."

ಆ ಮಾತಿಗೆ ನಾನು ಬಿದ್ದೆ. ಆಟದ ಆಸೆಯಲ್ಲಿ ಕುಣಿಯುವ ಹುಡುಗಿ ಹಿಟ್ಟಿನ ವಿಷಯವನ್ನೂ ಯೋಚಿಸಿಟ್ಟುಕೊಂಡಿದ್ದಾಳಲ್ಲ ಅನ್ನಿಸಿತು. ಹತ್ತನೇ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಗೆಳತಿಯರೆಲ್ಲ ಸಂಜೆ ಒಟ್ಟಿಗೆ ಆಡುವ ಹೊತ್ತಿಗೆ ಇವಳ ಫೋನು ಬಿಸಿಯಾಗಿ ನಿಂತುಬಿಡುತ್ತಿತ್ತು. ನಮ್ಮ ಯಜಮಾನರು ಶುಂಠಿ, ಹಸಿಮೆಣಸು ಹೇರಿದ ಪಿಕಪ್ ಓಡಿಸಿಕೊಂಡು ಹಾಸನ, ಮೈಸೂರು ಅಂತ ತಿರುಗುವವರು. "ತಾಯಿ ಮಗಳು ಏನಾದ್ರೂ ಮಾಡ್ಕೊಳಿ, ಮನೆ ಒಂದು ಸುಡಬೇಡಿ" ಎಂದು ತಮಾಷೆ ಮಾಡಿ ಹೊರಟುಹೋದರು.

ಕುಶಾಲನಗರದ ಬಸ್ ನಿಲ್ದಾಣದ ಹತ್ತಿರ ಹಳೆಯ ಕಂಪ್ಯೂಟರುಗಳ ಬಿಡಿಭಾಗ ಮಾರುವ ಒಂದು ಅಂಗಡಿಯಿದೆ. ಅಲ್ಲಿನವನು ಫೋನಿನಲ್ಲಿ ಮಲಯಾಳ, ನಮ್ಮೊಂದಿಗೆ ಕನ್ನಡ, ಒಳಗಿನ ಹುಡುಗನನ್ನು ಬೈಯುವಾಗ ಉರ್ದು. "ಅಕ್ಕಾ, ಗ್ಯಾರಂಟಿ ಮಾತ್ರ ಕೇಳ್ಬೇಡಿ. ಇಲ್ಲಿ ಓಡಿಸಿ ತೋರಿಸ್ತೀನಿ, ಅಷ್ಟೇ" ಅಂದ. ಯಾವುದೋ ಆಫೀಸು ಬಿಸಾಡಿದ ಕಂಪ್ಯೂಟರಿನ ಬೋರ್ಡು, ಯಾರೋ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡು, ಒಂದು ಬದಿಯ ಬಾಗಿಲಿಲ್ಲದ ಪೆಟ್ಟಿಗೆ, ಕರೆಂಟು ಹಂಚುವ ಹಳೆಯ ಪವರ್ ಸಪ್ಲೈ ಡಬ್ಬ. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಸ್ಸಿನಲ್ಲಿ ತಂದೆವು. ದಾರಿಯುದ್ದಕ್ಕೂ ಚೀಲ ಮಗಳ ತೊಡೆಯ ಮೇಲೆ. ಬಸ್ಸು ಹಳ್ಳಕ್ಕೆ ಇಳಿದಾಗೆಲ್ಲ ಅವಳು ಚೀಲವನ್ನು ಎತ್ತಿ ಹಿಡಿಯುತ್ತಿದ್ದಳು.

ಚಾಪೆ ಹಾಸಿ ಜೋಡಿಸಲು ಕೂತೆವು. ನನ್ನದು ಗಿರಣಿಯ ಕೈ, ಸ್ಕ್ರೂ ಕಂಡರೆ ಪೂರ್ತಿ ಬಿಗಿದೇ ಬಿಡುವುದು. "ಅಮ್ಮ, ಸಾಕು! ಇದು ಗಿರಣಿ ಬೋಲ್ಟ್ ಅಲ್ಲ, ಬೋರ್ಡು ಸೀಳ್ತದೆ" ಎಂದು ಬೈಸಿಕೊಂಡೆ. ಪ್ರೊಸೆಸರಿನ ಮೇಲೆ ಹಚ್ಚುವ ಪೇಸ್ಟನ್ನು ನಾನು ಬೇರಿಂಗಿಗೆ ಗ್ರೀಸು ಬಳಿದಂತೆ ಬಳಿಯಲು ಹೊರಟಿದ್ದೆ. ಟ್ಯೂಬು ಕಿತ್ತುಕೊಂಡು ಕಡಲೆಕಾಳಿನಷ್ಟು ಹಾಕಿದಳು. ನಿಜ ಹೇಳಬೇಕೆಂದರೆ, ಮಗಳ ಕೈಲಿ ಹಾಗೆ ಬೈಸಿಕೊಳ್ಳುವುದು ನನಗೆ ಬಹಳ ಇಷ್ಟವಾಯಿತು.

ಮೊದಲ ಸಲ ಬಟನ್ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಮಗಳು ಪ್ಲಗ್ ಕಿತ್ತಳು, ಪೆಟ್ಟಿಗೆಯೊಳಗೆ ಕೈ ಹಾಕಿದಳು, ಮೆಮರಿ ಪಟ್ಟಿಯನ್ನು ಈಚೆ ತೆಗೆದು ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಒಳಗಿಟ್ಟು ಟಕ್ ಎನ್ನುವವರೆಗೆ ಅದುಮಿದಳು. ಮತ್ತೆ ಬಟನ್ ಒತ್ತಿದಾಗ ಪರದೆ ಬೆಳಗಿತು. ಅವಳು ಕಿರುಚಿದಳು. ಗಿರಣಿಯ ಬಾಗಿಲಲ್ಲಿ ಅಕ್ಕಿ ಚೀಲ ಇಳಿಸುತ್ತಿದ್ದವರು ಯಾರಿಗೆ ಏನಾಯಿತೋ ಎಂದು ಓಡಿ ಬಂದರು.

ಆಮೇಲೆ ಶುರುವಾಯಿತು ವೋಲ್ಟೇಜಿನ ಕಾಟ. ಸಂಜೆಯಾದರೆ ಸಾಕು ನಮ್ಮ ಬೀದಿಯ ಬಲ್ಬುಗಳು ಕೆಂಪಾಗುತ್ತವೆ. ಆಟ ರಂಗೇರುವ ಹೊತ್ತಿಗೆ ಕಂಪ್ಯೂಟರ್ ತಾನೇ ಆರಿ ತಾನೇ ಹತ್ತುತ್ತಿತ್ತು. ಅತ್ತ ಕಡೆಯಿಂದ ಗೆಳತಿಯರು, "ಎಲ್ಲಿ ಹೋದ್ಯೇ?" ಎಂದು ಕೂಗುವುದು, ಇವಳು ಹಲ್ಲು ಕಚ್ಚುವುದು.

ಇಲ್ಲಿ ನಮ್ಮ ಹಳೆಯ ಬೂಸ್ಟರಿನ ವಿಷಯ ಹೇಳಬೇಕು. ಟಿವಿಯ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಒಂದು ಮುಳ್ಳು, ಒಂದು ತಿರುಗಣೆ. ಕರೆಂಟು ಇಳಿದರೆ ಮುಳ್ಳು ಇಳಿಯುತ್ತದೆ, ಆಗ ತಿರುಗಣೆಯನ್ನು ಒಂದು ಮನೆ ಏರಿಸಬೇಕು. ಕರೆಂಟು ಸರಿಯಾದ ಕೂಡಲೇ ಓಡಿ ಹೋಗಿ ಇಳಿಸಬೇಕು, ಇಲ್ಲದಿದ್ದರೆ ಟಿವಿ ಹೋಯಿತೆಂದೇ ಲೆಕ್ಕ. ಮಗಳು ಸಣ್ಣವಳಿದ್ದಾಗ ಬೂಸ್ಟರ್ ಕಾಯುವುದೇ ಅವಳ ಕೆಲಸ. ಮಣೆ ಹಾಕಿಕೊಂಡು ಮುಳ್ಳನ್ನೇ ನೋಡುತ್ತಾ ಕೂರುತ್ತಿದ್ದಳು, ಅತ್ತ ಧಾರಾವಾಹಿ ನೋಡುತ್ತಿದ್ದವಳು ನಾನು. ಆ ಪಾಠ ಹೇಳಿಕೊಟ್ಟವಳೂ ನಾನೇ.

ಒಂದು ಸಂಜೆ ಅವಳು ಪವರ್ ಸಪ್ಲೈ ಡಬ್ಬದ ಬೆನ್ನಿನಲ್ಲಿ ಉಗುರಿನಷ್ಟು ಒಂದು ಕೆಂಪು ಸ್ವಿಚ್ಚು ಕಂಡಳು. ಒಂದು ಕಡೆಗೆ ಸರಿಸಿದರೆ ೨೩೦, ಇನ್ನೊಂದು ಕಡೆಗೆ ೧೧೫. "ಅಮ್ಮ, ಇದಕ್ಕೂ ಬೂಸ್ಟರ್ ಅದೆ! ವೋಲ್ಟೇಜ್ ಕಮ್ಮಿ ಇದ್ದಾಗ ೧೧೫ಕ್ಕೆ ಇಡೋದು" ಅಂದಳು. ನಾನು ಬಗ್ಗಿ ನೋಡಿದೆ. ನನಗೂ ಹಾಗೆಯೇ ಕಂಡಿತು. "ಗಿರಣಿಯವಳ ಮಗಳು ಅಂದ್ರೆ ಸುಮ್ನೇನಾ?" ಎಂದು ಅವಳ ತಲೆ ನೇವರಿಸಿದೆ. ಆರಿಸಿ, ಸ್ವಿಚ್ಚು ಸರಿಸಿ, ಮತ್ತೆ ಹಾಕಿದಳು. ಬಲ್ಬು ಕೆಂಪಗೆ ಉರಿಯುತ್ತಿದ್ದರೂ ಕಂಪ್ಯೂಟರ್ ಒಂದೇ ಒಂದು ಸಲ ಆರಲಿಲ್ಲ. ನಾವಿಬ್ಬರೂ ಉಬ್ಬಿಹೋದೆವು.

ಮಾರನೆಯ ಸಂಜೆಯೂ ಬಲ್ಬು ಕೆಂಪಾದ ಮೇಲೆ ಸ್ವಿಚ್ಚನ್ನು ೧೧೫ಕ್ಕೆ ಇಟ್ಟು ಆಡುತ್ತಿದ್ದಳು. ಮುಂಗಾರಿಗೆ ಮುಂಚಿನ ಗುಡುಗು ಮಳೆ ಹಿಡಿದಿತ್ತು. ಕರೆಂಟು ಹೋಯಿತು. ನಾನು ಮೇಣದಬತ್ತಿ ಹುಡುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಬಂದದ್ದು ಪೂರ್ತಿ ಜೋರಿನಲ್ಲಿ. ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು. ಮಗಳು ಅದನ್ನು ಕಂಡದ್ದೇ ನೆಗೆದು ಡಬ್ಬದ ಹಿಂದಕ್ಕೆ ಕೈ ಚಾಚಿದಳು, ಸ್ವಿಚ್ಚನ್ನು ಮತ್ತೆ ೨೩೦ಕ್ಕೆ ಸರಿಸಲೆಂದು. ನಾನು ಕಲಿಸಿದ್ದೇ ಹಾಗಲ್ಲವೇ, ಓಡಿ ಹೋಗಿ ಇಳಿಸಬೇಕೆಂದು!

ಢಂ ಎಂದಿತು. ಡಬ್ಬದ ಬೆನ್ನಿನಿಂದ ಬೆಂಕಿಯ ಕಿಡಿ, ಅದರ ಹಿಂದೆಯೇ ಹೊಗೆ. ಸುಟ್ಟ ವಾಸನೆ ಮೂಗಿಗೆ ಅಡರಿತು. "ಕೈ ತೆಗಿ! ಕೈ ತೆಗಿಯೇ!" ಎಂದು ನಾನು ಕೂಗಿದ ಕೂಗಿಗೆ ನನ್ನ ಗಂಟಲೇ ಒಡೆಯಿತು. ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದೆ, ಗೋಡೆಗೆ ಹೋಗಿ ತಾಗಿದಳು. ಮೇನ್ ಸ್ವಿಚ್ ಇಳಿಸಿ ಬಂದು ಟಾರ್ಚಿನ ಬೆಳಕಿನಲ್ಲಿ ಅವಳ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬೆರಳ ತುದಿಗೆ ಮಸಿ ಬಿಟ್ಟರೆ ಏನೂ ಆಗಿರಲಿಲ್ಲ. ಆಮೇಲೆ ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. ಜೀವ ಬಾಯಿಗೆ ಬಂದಾಗ ನನಗೆ ಬರುವುದು ಬೈಗುಳ ಒಂದೇ.

ಅವಳು ಅಳಲಿಲ್ಲ. ಆ ದಿನದಿಂದ ಕಂಪ್ಯೂಟರಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ, "ಮಾರಿಬಿಡಮ್ಮ" ಅಂದಳು. ಹೋಗಲಿ, ನಾಲ್ಕು ದಿನ ಮುನಿಸು, ಸರಿಹೋಗುತ್ತದೆ ಎಂದುಕೊಂಡೆ.

ಶನಿವಾರ ಬಂತು. ಸಂತೆಯ ದಿನ ನಮ್ಮ ಗಿರಣಿಯಲ್ಲಿ ಉಸಿರು ಬಿಡಲು ಪುರಸೊತ್ತಿರುವುದಿಲ್ಲ. ಸುತ್ತಲ ಹಳ್ಳಿಯವರೆಲ್ಲ ಅಕ್ಕಿ, ರಾಗಿ, ಮೆಣಸಿನಕಾಯಿ ಹೊತ್ತು ಬಂದು ಸಾಲು ಹಚ್ಚುತ್ತಾರೆ. ಅಕ್ಕಿ ಮಿಷನ್ ನನ್ನದು, ಖಾರದ ಮಿಷನ್ ಮಗಳದು. ಎರಡು ವರ್ಷದಿಂದ ಹಾಗೇ ನಡೆದುಬಂದಿದೆ. ನಾನು ಅಕ್ಕಿ ಸುರಿಯುತ್ತಾ, "ಖಾರದ ಮಿಷನ್ ಹಾಕೇ, ಜನ ಕಾಯ್ತಾ ಅವ್ರೆ" ಎಂದು ಕೂಗಿದೆ. ಸದ್ದೇ ಇಲ್ಲ. ತಿರುಗಿ ನೋಡಿದರೆ ಮೋಟರಿನ ಸ್ಟಾರ್ಟರಿನ ಮುಂದೆ ನಿಂತಿದ್ದಾಳೆ, ಎರಡೂ ಕೈ ಬೆನ್ನ ಹಿಂದೆ. ಸಾಲಿನಲ್ಲಿದ್ದ ಒಬ್ಬ ಅಜ್ಜನಿಗೆ ಮೆಲ್ಲಗೆ ಹೇಳುತ್ತಿದ್ದಾಳೆ, "ಅಜ್ಜ, ಆ ಹಸಿರು ಬಟನ್ ಒಂಚೂರು ನೀವೇ ಒತ್ತಿಕೊಡಿ."

ಹನ್ನೆರಡನೇ ವಯಸ್ಸಿಗೇ ಮಿಷನ್ನಿನ ಬೆಲ್ಟು ಪಟ್ಟಿ ತಪ್ಪಿದರೆ ಸದ್ದಿನಲ್ಲೇ ಗುರುತಿಸುತ್ತಿದ್ದ ಹುಡುಗಿ! ಕೈ ತೆಗಿ ಎಂದು ನಾನು ಕೂಗಿದ್ದೆ, ಅವಳು ತೆಗೆದೇಬಿಟ್ಟಿದ್ದಳು. ಕಂಪ್ಯೂಟರ್ ಹಾಳಾಗಿ ಹೋಗಲಿ, ಈ ಕೈಯನ್ನು ಮತ್ತೆ ಮುಂದೆ ತರುವುದು ಹೇಗೆ? ಆ ಭಯ ನನ್ನನ್ನು ಸಂಜೆಯವರೆಗೂ ಬಿಡಲಿಲ್ಲ. ಯಾರಿಗೋ ರಾಗಿ ಹಿಟ್ಟಿನ ಬದಲು ಅಕ್ಕಿ ಹಿಟ್ಟು ಕಟ್ಟಿಕೊಟ್ಟು ಬೈಸಿಕೊಂಡೆ.

ಮರುದಿನ ಬೆಳಿಗ್ಗೆ ಸುಟ್ಟ ಡಬ್ಬವನ್ನು ಬಿಚ್ಚಿಕೊಂಡು ನಾನೊಬ್ಬಳೇ ಕುಶಾಲನಗರಕ್ಕೆ ಹೋದೆ. ಮಗಳನ್ನು ಕರೆದೆ, ಬರಲಿಲ್ಲ. ಅಂಗಡಿಯವನು ಡಬ್ಬ ತಿರುಗಿಸಿ ಕೆಂಪು ಸ್ವಿಚ್ಚು ನೋಡಿದವನೇ ಹಣೆ ಚಚ್ಚಿಕೊಂಡ. "ಅಕ್ಕಾ, ಇದು ಬೂಸ್ಟರ್ ಅಲ್ಲ. ಕೆಲವು ದೇಶದಲ್ಲಿ ಮನೆ ಕರೆಂಟೇ ಅಷ್ಟು ಕಮ್ಮಿ ಇರ್ತದೆ, ಅವರಿಗೆ ಇದು. ನಮ್ಮ ಲೈನಲ್ಲಿ ೧೧೫ಕ್ಕೆ ಇಟ್ರೆ, ಕರೆಂಟು ಪೂರ್ತಿ ಬಂದ ಕೂಡ್ಲೇ ಬಾಂಬೇ." ಸ್ವಿಚ್ಚಿಲ್ಲದ ಇನ್ನೊಂದು ಡಬ್ಬ ಕೊಟ್ಟ. ಬೋರ್ಡು, ಕಾರ್ಡು ಉಳಿದಿವೆಯೇ ಎಂದು ಕೇಳಿದ್ದಕ್ಕೆ ಕೈಯಾಡಿಸಿದ. "ಹಾಕಿ ನೋಡಿದ್ರೇ ಗೊತ್ತಾಗೋದು. ಉಳಿದ್ರೆ ಉಳೀತು."

ಮಧ್ಯಾಹ್ನ ಮನೆಗೆ ಬಂದು ಅವನು ಹೇಳಿದ್ದನ್ನೆಲ್ಲ ಮಗಳಿಗೆ ಒಪ್ಪಿಸಿದೆ. "ತಪ್ಪು ನಾನು ಕಲಿಸಿದ ಬೂಸ್ಟರ್ ಪಾಠದ್ದು, ನಿಂದಲ್ಲ" ಅಂದೆ. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ಹೊಸ ಡಬ್ಬವನ್ನು ನಾನೇ ಕೂರಿಸಿದೆ, ಯಾವ ತಂತಿ ಎಲ್ಲಿಗೆಂದು ದೂರದಿಂದ ಬೆರಳು ತೋರಿಸಿದಳೇ ಹೊರತು ಹತ್ತಿರ ಬರಲಿಲ್ಲ. ಎಲ್ಲ ಮುಗಿದ ಮೇಲೆ, "ನೀನೇ ಒತ್ತಮ್ಮ. ನಂಗಾಗಲ್ಲ" ಅಂದಳು.

"ಯಾಕಾಗಲ್ಲ?"

"ನಿಂಗೇನು, ನೀನು ಯಾವುದಕ್ಕೂ ಹೆದರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ರಟ್ಟೆ ಹಿಡಿದು ಗಿರಣಿಗೆ ಕರೆದುಕೊಂಡು ಹೋದೆ. ಭಾನುವಾರ, ಬಾಗಿಲು ಹಾಕಿತ್ತು, ಒಳಗೆ ಯಾರೂ ಇರಲಿಲ್ಲ. ಅವಳ ಅಂಗೈಯನ್ನು ಎಳೆದು ನನ್ನ ಕತ್ತಿನ ಕೆಳಗೆ, ಎದೆಯ ಮೇಲೆ ಒತ್ತಿ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಸ್ಟಾರ್ಟರಿನ ಹಸಿರು ಬಟನ್ ಒತ್ತಿದೆ. ಮೋಟರು ಗುಂಯ್ ಎಂದು ಎದ್ದಿತು, ಪಟ್ಟಿ ಪಟಪಟ ಬಡಿಯುತ್ತಾ ಓಟ ಹಿಡಿಯಿತು. ಮಗಳು ಬಟನ್ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮ, ನಿನ್ನ ಎದೆ ಯಾಕೆ ಹಿಂಗೆ ಹೊಡ್ಕೊಳ್ತಾ ಅದೆ?"

"ದಿನಾ ಹಿಂಗೇ. ನಿಮ್ಮಜ್ಜ ತೀರ್ಕೊಂಡು ನಾನು ಗಿರಣಿಗೆ ಕೂತ ದಿನದಿಂದ ಹಿಂಗೇ. ಆ ದಿನ ಇದೇ ಸ್ಟಾರ್ಟರ್ ನನ್ನ ಮುಖದ ಮುಂದೆ ಕಿಡಿ ಹಾರಿಸಿತ್ತು."

"ಮತ್ತೆ ಹೇಳ್ಲೇ ಇಲ್ವಲ್ಲ?"

"ನೀನು ಕೇಳಿದ್ಯಾ?" ಎಂದು ಗದರಿದೆ. ಗದರುವಾಗ ಕಣ್ಣಲ್ಲಿ ನೀರು ಬಂತು, ಹಿಟ್ಟು ಬಿತ್ತೆಂದು ಸೆರಗಿನಲ್ಲಿ ಒರೆಸಿಕೊಂಡೆ. ಭಾನುವಾರ ಗಿರಣಿಯಲ್ಲಿ ಯಾವ ಹಿಟ್ಟು ಹಾರುತ್ತದೆ? ಅವಳಿಗೂ ಗೊತ್ತಾಗಿರಬೇಕು.

ಕೆಂಪು ಬಟನ್ ಒತ್ತಿ ಮೋಟರು ನಿಲ್ಲಿಸಿದವಳು ಅವಳೇ. ನೇರ ಮನೆಯೊಳಗೆ ನಡೆದಳು, ನಾನು ಹಿಂದಿನಿಂದ ಹೋದೆ. ಬೆಡ್‌ಶೀಟನ್ನು ಕಾಲಿನಿಂದ ಅತ್ತ ಸರಿಸಿ ಕಂಪ್ಯೂಟರಿನ ಮುಂದೆ ಕೂತಳು. ನನ್ನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ನನ್ನ ಅಂಗೈಗೆ ಒಳಗಿನಿಂದ ಗುದ್ದಿದ ಹಾಗಾಗುತ್ತಿತ್ತು. ಅವಳು ಬಟನ್ ಒತ್ತಿದಳು.

ಸದ್ದಾಗಲಿಲ್ಲ, ಹೊಗೆ ಬರಲಿಲ್ಲ. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಕಾದೆವು. ಕಪ್ಪಗೇ ಇತ್ತು.

ಬೋರ್ಡು ಹೋಯಿತು, ಅದರ ಹಿಂದೆಯೇ ಇವಳೂ ಎದ್ದು ಹೋಗುತ್ತಾಳೆ ಎಂದುಕೊಂಡೆ. ಮಗಳು ನನ್ನ ಕೈ ಬಿಟ್ಟಳು. ಬಗ್ಗಿ ಪ್ಲಗ್ ಕಿತ್ತಳು, ಕಿತ್ತದ್ದನ್ನು ನನಗೆ ಎತ್ತಿ ತೋರಿಸಿದಳು. ಆಮೇಲೆ ಮೊಣಕೈವರೆಗೆ ತೋಳು ಮಡಿಚಿಕೊಂಡು ಬಾಗಿಲಿಲ್ಲದ ಆ ಬದಿಗೆ ಕಟ್ಟಿದ್ದ ಜರಡಿ ಬಟ್ಟೆ ಸರಿಸಿ ಪೆಟ್ಟಿಗೆಯೊಳಗೆ ಕೈ ಹಾಕಿದಳು.

"ಟಾರ್ಚ್ ಹಿಡಿಯಮ್ಮ. ಮೆಮರಿ ಮತ್ತೆ ಸಡಿಲ ಆಗಿರ್ಬೇಕು. ಅಲ್ಲಾಡಿಸ್ಬೇಡ, ನೆಟ್ಟಗೆ ಹಿಡಿ."

ಕೈ ತೆಗಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಟಾರ್ಚು ಹಿಡಿದೆ. ಮೆಮರಿ ಪಟ್ಟಿಯನ್ನು ತೆಗೆದಳು, ರಬ್ಬರಿನಿಂದ ಉಜ್ಜಿದಳು, ಒಳಗಿಟ್ಟು ಅದುಮಿದಳು. ಟಕ್ ಎಂದಿತು. ಪ್ಲಗ್ ಸಿಕ್ಕಿಸಿ, ಈ ಸಲ ನನ್ನ ಕಡೆ ತಿರುಗಿಯೂ ನೋಡದೆ ಬಟನ್ ಒತ್ತಿದಳು. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗಲೂ ಅವಳ ಕೈ ಪೆಟ್ಟಿಗೆಯ ಮೇಲೇ ಇತ್ತು.